ಚಿಪ್ ಅಂದ್ರು, ಕೈಗೆ ಚಿಪ್ಪು ಬಂತು

ಪುಣೆಯ ತಳಜಾಯಿ ಗುಡ್ಡಕ್ಕೆ ಬೆಳಿಗ್ಗೆ ವಾಕಿಂಗಿಗೆ ಬರುವ ನಮ್ಮ ಗುಂಪಿನಲ್ಲಿ ಶುಗರ್ ಇಲ್ಲದವರು ಇಬ್ಬರು, ಷೇರಿನ ಹುಚ್ಚಿಲ್ಲದವನು ನಾನೊಬ್ಬನೇ. ತೊಂಬತ್ತರ ದಶಕದಲ್ಲಿ ನಾನು ಬ್ಯಾಂಕಿನ ವರ್ಗಾವಣೆ ಮೇಲೆ ಈ ಊರಿಗೆ ಬಂದಾಗ ಇದೇ ಗುಡ್ಡದ ಮೇಲೆ ಸಾಫ್ಟ್‌ವೇರ್ ಷೇರಿನ ಮಾತು. ಆಮೇಲೆ 2008ರ ಹೊತ್ತಿಗೆ ವಿದ್ಯುತ್ ಕಂಪನಿಗಳು, ರಿಯಲ್ ಎಸ್ಟೇಟು. ಈಗ ಸೆಮಿಕಂಡಕ್ಟರ್. ಟೆಲ್ಕೋದಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ, ನಾವೆಲ್ಲ ಟೆಲ್ಕೋ ಕಾಕಾ ಅಂತಲೇ ಕರೆಯೋದು. ಮೊಣಕಾಲು ನೋವಿಗೆ ಯಾವ ಎಣ್ಣೆ ಅಂತ ಕೇಳುತ್ತಿದ್ದವರು ಈಗ ಎಟಿಎಂಪಿ, ಒಸ್ಯಾಟ್, ನ್ಯಾನೋಮೀಟರ್ ಅಂತ ಶುರು ಹಚ್ಚಿಕೊಂಡಿದ್ದಾರೆ.

ಹುಚ್ಚಿಗೆ ನನ್ನ ತಕರಾರಿಲ್ಲ. ದುಡ್ಡು ಅವರದು. ನನ್ನ ಸಿಟ್ಟು ಇರೋದು ಈ ಚರ್ಚೆಯ ಧಾಟಿಯ ಮೇಲೆ. ಗುಡ್ಡದ ಮೇಲಿರಲಿ, ಟೀವಿಯಲ್ಲಿರಲಿ, ವಾಟ್ಸ್ಯಾಪ್ ಗುಂಪಿನಲ್ಲಿರಲಿ, ಒಂದು ಚಿಪ್ ಕಂಪನಿಯ ಮಾತು ಬಂದರೆ ಎರಡೇ ಪ್ರಶ್ನೆ. ಮುಂದಾಳು ಎಂಥವನು? ಐದು ವರ್ಷಕ್ಕೆ ಕಂಪನಿ ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ ಉತ್ತರ ಅವನ ಸಂದರ್ಶನದಲ್ಲಿ ಸಿಗುತ್ತದೆ, ಎರಡನೆಯದಕ್ಕೂ ಅವನ ಸಂದರ್ಶನದಲ್ಲೇ ಸಿಗುತ್ತದೆ! ಹುಡುಗಿ ಹೇಗೆ ಅಂತ ಹುಡುಗಿಯ ತಾಯಿಯನ್ನೇ ಕೇಳಿ ಬಂದ ಹಾಗಾಯಿತು.

ನಾನು ಬಿಕಾಂ ಓದಿ ಬ್ಯಾಂಕು ಸೇರಿದವನು. ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ಅಲ್ಲಿ ನಮಗೆ ಹಿರಿಯ ಮ್ಯಾನೇಜರು ಮೊದಲ ವಾರದಲ್ಲೇ ಕಲಿಸಿದ ಪಾಠ ಒಂದೇ. ಎದುರಿಗೆ ಕೂತವನು ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಅನ್ನೋದು ಆಮೇಲೆ. ಮೊದಲು ಸಾಲಗಾರನ ಹೆಸರು ನೋಡು. ಅರ್ಜಿಯಲ್ಲಿ ಯಾವ ಸಂಸ್ಥೆಯ ಹೆಸರಿದೆ, ಫ್ಯಾಕ್ಟರಿಯ ಜಾಗ ಯಾವ ಸಂಸ್ಥೆಯ ಹೆಸರಲ್ಲಿದೆ, ಆರ್ಡರು ಯಾರ ಹೆಸರಿಗೆ ಬಂದಿದೆ, ಬಿಲ್ಲಿನ ಹಣ ಯಾರ ಖಾತೆಗೆ ಬೀಳುತ್ತದೆ. ಈ ನಾಲ್ಕೂ ಒಂದೇ ಹೆಸರಾದರೆ ಚಹಾ ತರಿಸು. ಬೇರೆ ಬೇರೆ ಆದರೆ ಚಹಾ ಬೇಡ, ಬ್ಯಾಲೆನ್ಸ್ ಶೀಟು ತರಿಸು. ಷೇರು ಕೊಳ್ಳುವವನೂ ದುಡ್ಡು ಕೊಡುವವನೇ ತಾನೆ? ಅದೂ ಅಡಮಾನವಿಲ್ಲದೆ, ಜಾಮೀನಿಲ್ಲದೆ ಕೊಡುವವನು. ಅವನು ಈ ಪ್ರಶ್ನೆಯನ್ನೇ ಕೇಳುವುದಿಲ್ಲ ಅಂದರೆ ಏನು ಹೇಳೋಣ?

ದೂರ ಹೋಗೋದು ಬೇಡ, ತಳೇಗಾಂವ್ ನೋಡಿ. ಮುಂಬೈ ಹಳೇ ಹೆದ್ದಾರಿಯಲ್ಲಿ ಪುಣೆಯಿಂದ ಮೂವತ್ತೈದು ಕಿಲೋಮೀಟರು. 2022ರ ಬೇಸಿಗೆಯಿಂದಲೇ ಅಲ್ಲಿ ವೇದಾಂತ ಮತ್ತು ತೈವಾನಿನ ಫಾಕ್ಸ್‌ಕಾನ್ ಸೇರಿ ಚಿಪ್ ಕಾರ್ಖಾನೆ ಹಾಕುತ್ತವೆ ಅನ್ನೋ ಸುದ್ದಿ. ಒಂದೂವರೆ ಲಕ್ಷ ಕೋಟಿಯ ಮಾತು. ಸುತ್ತಮುತ್ತಲ ಪ್ಲಾಟು ಮಾರುವವರು ನಕ್ಷೆಯಲ್ಲಿ ಕಾರ್ಖಾನೆಯ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ, ತಮ್ಮ ಪ್ಲಾಟು ಅಲ್ಲಿಂದ ಎಷ್ಟು ನಿಮಿಷ ಅಂತ ಬರೆದುಕೊಂಡು ತಿರುಗಿದರು. ಅಂಥ ಪ್ಲಾಟಿಗೆ ಸಾಲ ಕೇಳಿ ಬಂದವರನ್ನು ನಾನೇ ಕಂಡಿದ್ದೇನೆ. 2022ರ ಸೆಪ್ಟೆಂಬರ್ 13ರಂದು ಒಪ್ಪಂದ ಆಯಿತು... ಗುಜರಾತ್ ಸರ್ಕಾರದ ಜೊತೆ! 1.54 ಲಕ್ಷ ಕೋಟಿ ರೂಪಾಯಿ. ಮಹಾರಾಷ್ಟ್ರದಲ್ಲಿ ಗಲಾಟೆಯೋ ಗಲಾಟೆ. ಆಡಳಿತ ಪಕ್ಷ ವಿರೋಧ ಪಕ್ಷಕ್ಕೆ ಬೈದಿತು, ವಿರೋಧ ಪಕ್ಷ ಆಡಳಿತ ಪಕ್ಷಕ್ಕೆ ಬೈದಿತು, ನಮ್ಮ ಗುಡ್ಡದ ಮೇಲೆ ಎಲ್ಲರೂ ಗುಜರಾತಿಗೆ ಬೈದರು.

ಆ ಗದ್ದಲದಲ್ಲಿ ಯಾರೂ ಗಮನಿಸದ ಒಂದು ಸಣ್ಣ ಕಾಗದ ಇದೆ ನೋಡಿ, ನನಗೆ ಅದೇ ದೊಡ್ಡ ಸುದ್ದಿ. ಒಪ್ಪಂದದ ಸುದ್ದಿಗೆ ವೇದಾಂತ ಲಿಮಿಟೆಡ್ ಷೇರು ಏರಿತು. ಅದರ ಬೆನ್ನಿಗೇ ಕಂಪನಿ ಷೇರುಪೇಟೆಗೆ ವಿವರಣೆ ಕೊಟ್ಟಿತು: ಸೆಮಿಕಂಡಕ್ಟರ್ ವ್ಯವಹಾರ ವೇದಾಂತ ಲಿಮಿಟೆಡ್ಡಿನದಲ್ಲ, ಅದನ್ನು ಮಾಡುವುದು ಮೇಲಿನ ಒಡೆತನದ ಕಂಪನಿಯಾದ ವೋಲ್ಕನ್ ಇನ್ವೆಸ್ಟ್‌ಮೆಂಟ್ಸ್. ಅಂದರೆ ಏನಾಯಿತು? ಮಾತಾಡಿದ್ದು ಅನಿಲ್ ಅಗರ್‌ವಾಲ್. ಜನ ಕೊಂಡದ್ದು ವೇದಾಂತ ಷೇರು. ಕಾರ್ಖಾನೆ ಇದ್ದದ್ದು, ಇದ್ದಿದ್ದರೆ, ಮೂರನೆಯ ಒಂದು ಖಾಸಗಿ ಕಂಪನಿಯ ಹೆಸರಲ್ಲಿ. ಷೇರು ಏರಿದಷ್ಟೇ ಚುರುಕಾಗಿ ಇಳಿಯಿತು. ಫಾಕ್ಸ್‌ಕಾನ್ ಜೊತೆಗಿನ ಪಾಲುದಾರ ತಾನೇ ಅನ್ನುವ ಭಾವನೆ ಬರುವ ಹಾಗೆ ಪತ್ರಿಕಾ ಪ್ರಕಟಣೆ ಹೊರಡಿಸಿದ್ದಕ್ಕೆ ಸೆಬಿ 2023ರಲ್ಲಿ ವೇದಾಂತಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ಮೂವತ್ತು ಲಕ್ಷ! ಕೋಥರೂಡಿನಲ್ಲಿ ಒಂದು ಒಳ್ಳೆ ಫ್ಲ್ಯಾಟಿನ ಅರ್ಧಕ್ಕೂ ಸಾಲದು.

ತಮಾಷೆ ಅಲ್ಲಿಗೆ ಮುಗಿಯಲಿಲ್ಲ. 2023ರ ಜುಲೈ 7ರಂದು ಆ ವ್ಯವಹಾರವನ್ನು ವೇದಾಂತ ಲಿಮಿಟೆಡ್ಡಿಗೇ ತೆಗೆದುಕೊಳ್ಳುವ ನಿರ್ಧಾರ ಪ್ರಕಟವಾಯಿತು. ಅಂತೂ ಹೆಸರು ಸರಿಹೋಯಿತಲ್ಲ ಅಂದುಕೊಳ್ಳುವಷ್ಟರಲ್ಲಿ, ಮೂರೇ ದಿನಕ್ಕೆ, ಜುಲೈ 10ರಂದು, ಫಾಕ್ಸ್‌ಕಾನ್ ಕೈ ಬಿಟ್ಟು ಎದ್ದು ಹೋಯಿತು. ತಳೇಗಾಂವಿಗೂ ಬರಲಿಲ್ಲ, ಧೋಲೇರಾದಲ್ಲೂ ಅವರ ಕಾರ್ಖಾನೆ ಏಳಲಿಲ್ಲ. ಪ್ಲಾಟು ಕೊಂಡವರ ಕಂತು ಮಾತ್ರ ತಿಂಗಳ ಐದನೇ ತಾರೀಖಿಗೆ ತಪ್ಪದೆ ಕಟ್ ಆಗ್ತಿದೆ.

ಇದೇ ತಳೇಗಾಂವಿನಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಗಿತ್ತು, ಟಿಳಕರ ಬೆಂಬಲದಿಂದ, ಜನರಿಂದ ಒಂದೊಂದು ಪೈಸೆ ಎತ್ತಿ. ಮರಳಿನಿಂದ ಗಾಜು. ಈಗಿನ ಚಿಪ್ಪೂ ಮರಳಿನದ್ದೇ ಅಂತಾರೆ. ಆದರೆ ಅವತ್ತು ಪೈಸೆ ಕೊಟ್ಟವನಿಗೆ ತನ್ನ ಪೈಸೆ ಯಾವ ಕುಲುಮೆಗೆ ಹೋಯಿತು ಅಂತ ಗೊತ್ತಿತ್ತು.

ಟಾಟಾ ವಿಷಯವೂ ಅಷ್ಟೆ. ಧೋಲೇರಾದಲ್ಲಿ ತೈವಾನಿನ ಪಿಎಸ್‌ಎಂಸಿ ಜೊತೆ 91,000 ಕೋಟಿಯ ಕಾರ್ಖಾನೆ, ಅಸ್ಸಾಮಿನಲ್ಲಿ 27,000 ಕೋಟಿಯದು, ಎರಡಕ್ಕೂ 2024ರ ಫೆಬ್ರವರಿಯಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಟೆಲ್ಕೋ ಕಾಕಾ ಅವತ್ತು ಬೆಳಿಗ್ಗೆಯೇ ಕೇಳಿದರು, “ಯಾವ ಟಾಟಾ ತಗೊಳ್ಳಲಿ?” ಕಾಕಾ, ಅದು ಟಾಟಾ ಎಲೆಕ್ಟ್ರಾನಿಕ್ಸ್. ಅದು ಷೇರುಪೇಟೆಯಲ್ಲೇ ಇಲ್ಲ. ನಿಮಗೆ ಸಿಗೋದು ಟಾಟಾ ಉಪ್ಪು, ಟಾಟಾ ಟ್ರಕ್ಕು, ಟಾಟಾ ಸ್ಟೀಲು. ಆದರೂ ಅವರು ಏನೋ ಒಂದು ಟಾಟಾ ಕೊಂಡರು. ರತನ್ ಟಾಟಾ ಮೇಲಿನ ಗೌರವಕ್ಕೆ ಅಂತೆ. ಗೌರವಕ್ಕೆ ಫೋಟೋಕ್ಕೆ ಹಾರ ಹಾಕಬಹುದಿತ್ತು.

ಹೆಸರಿನ ಮಹಿಮೆ ತುತ್ತತುದಿಗೆ ಹೋದದ್ದು ನೋಡಬೇಕಾದರೆ ಆರ್‌ಆರ್‌ಪಿ ಸೆಮಿಕಂಡಕ್ಟರ್ ನೋಡಿ. ಮೊದಲು ಜಿ ಡಿ ಟ್ರೇಡಿಂಗ್ ಅಂಡ್ ಏಜೆನ್ಸೀಸ್ ಅಂತ ಇದ್ದ ಸಣ್ಣ ಕಂಪನಿ. ಹೆಸರು ಬದಲಾಯಿತು. 2024ರ ಏಪ್ರಿಲ್ ಸುಮಾರಿಗೆ ಇಪ್ಪತ್ತು ರೂಪಾಯಿಯ ಆಸುಪಾಸಿದ್ದ ಷೇರು 2025ರ ಕೊನೆಗೆ ಹತ್ತು ಸಾವಿರ ದಾಟಿತ್ತು. ಇಪ್ಪತ್ತು ತಿಂಗಳಲ್ಲಿ ಶೇಕಡಾ 55,000ಕ್ಕೂ ಮೇಲೆ ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ವಾರ್ಷಿಕ ವರದಿಯ ಪ್ರಕಾರ ಪೂರ್ಣಾವಧಿ ನೌಕರರು ಇಬ್ಬರು. ನಮ್ಮ ಬ್ರ್ಯಾಂಚಿನ ಕ್ಯಾಂಟೀನಿನಲ್ಲಿ ಮೂವರಿದ್ದಾರೆ. ಏಕೆ ಏರಿತು? ನವಿ ಮುಂಬೈಯಲ್ಲಿ ಆರ್‌ಆರ್‌ಪಿ ಎಲೆಕ್ಟ್ರಾನಿಕ್ಸ್ ಅಂತ ಬೇರೊಂದು ಕಂಪನಿ 2024ರಲ್ಲಿ ಚಿಪ್ ಜೋಡಣೆಯ ಘಟಕದ ಸಮಾರಂಭ ಮಾಡಿತ್ತು, ಅದರ ಜೊತೆ ಸಚಿನ್ ತೆಂಡೂಲ್ಕರ್ ಹೆಸರು ಕೇಳಿಬಂದಿತ್ತು. ಎಲೆಕ್ಟ್ರಾನಿಕ್ಸ್ ಎಲ್ಲಿ, ಸೆಮಿಕಂಡಕ್ಟರ್ ಎಲ್ಲಿ! ಕೊನೆಗೆ ಕಂಪನಿಯೇ ಷೇರುಪೇಟೆಗೆ ಪತ್ರ ಬರೆದು, ನಾವಿನ್ನೂ ಯಾವ ಚಿಪ್ ತಯಾರಿಕೆಯನ್ನೂ ಶುರು ಮಾಡಿಲ್ಲ, ಯಾವ ಸರ್ಕಾರಿ ಯೋಜನೆಗೂ ಅರ್ಜಿ ಹಾಕಿಲ್ಲ, ತೆಂಡೂಲ್ಕರ್ ನಮ್ಮ ಷೇರುದಾರರಲ್ಲ ಅಂತ ಹೇಳಬೇಕಾಯಿತು. ಅದನ್ನು ಓದಿದ ಮೇಲೂ ಗುಡ್ಡದ ಮೇಲೆ ಒಬ್ಬರು, “ಇಲ್ಲ ಅಂತಾರೆ ಅಂದ್ರೆ ಏನೋ ಇದೆ” ಅಂದರು. ನಾನು ವಾಕಿಂಗ್ ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ.

ಇವೆಲ್ಲ ಮಹಾರಾಷ್ಟ್ರ, ಗುಜರಾತಿನ ಕಥೆ, ನಮಗೇನು ಅಂತ ಕನ್ನಡದ ಮಿತ್ರರು ಹೇಳಬಹುದು. ಹಾಗಾದರೆ ನಮ್ಮ ಮೈಸೂರಿಗೇ ಬರೋಣ.

ಕೇನ್ಸ್ ಟೆಕ್ನಾಲಜಿ. 1988ರಲ್ಲಿ ರಮೇಶ್ ಕುಂಞಿಕಣ್ಣನ್ ಮೈಸೂರಿನಲ್ಲಿ ಶುರು ಮಾಡಿದ್ದು. ಬೇರೆ ಕಂಪನಿಗಳಿಗೆ ಸರ್ಕ್ಯೂಟ್ ಬೋರ್ಡು ಜೋಡಿಸಿ ಕೊಡುವ ಕೆಲಸ. ಇದು ಬರೀ ಹೆಸರಿನ ಕಂಪನಿ ಅಲ್ಲ. ರೈಲ್ವೆ, ವಾಹನ, ವೈದ್ಯಕೀಯ ಉಪಕರಣ, ಬಾಹ್ಯಾಕಾಶ ಎಲ್ಲಕ್ಕೂ ಮಾಲು ಹೋಗುತ್ತದೆ, ಸಾವಿರಾರು ಜನಕ್ಕೆ ಅನ್ನ ಕೊಟ್ಟಿದೆ. 2022ರ ನವೆಂಬರಿನಲ್ಲಿ 587 ರೂಪಾಯಿಗೆ ಷೇರು ಕೊಟ್ಟರು. 2025ರಲ್ಲಿ ಅದು ಏಳು ಸಾವಿರ ದಾಟಿತ್ತು. ಚಿಪ್ ಕೆಲಸಕ್ಕೆ ಕೇನ್ಸ್ ಸೆಮಿಕಾನ್ ಅಂತ ಬೇರೆ ಅಂಗಸಂಸ್ಥೆ. ಮೊದಲು ಮೈಸೂರು ಅಂದರು, ಆಮೇಲೆ ಹೈದರಾಬಾದ್ ಹತ್ತಿರ ಕೊಂಗರ ಕಲಾನ್ ಅಂದರು, ಕೊನೆಗೆ ಹೋದದ್ದು ಗುಜರಾತಿನ ಸಾಣಂದಕ್ಕೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಸುಮಾರು 3,300 ಕೋಟಿಯ ಯೋಜನೆ, ದಿನಕ್ಕೆ 60 ಲಕ್ಷ ಚಿಪ್. 2025ರ ಅಕ್ಟೋಬರಿನಲ್ಲಿ ಅಲ್ಲಿಂದ ಮೊದಲ ಮಾಲು ಅಮೆರಿಕದ ಗ್ರಾಹಕ ಕಂಪನಿಗೆ ಹೋಯಿತು. ಒಳ್ಳೆಯದೇ ಆಯಿತು, ಸಂತೋಷ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಕಲಸಿಕೊಳ್ಳುತ್ತಾರೆ. ಸಾಣಂದದಲ್ಲಿ ಆಗುವುದು ಚಿಪ್ ಹುಟ್ಟಿಸುವ ಕೆಲಸ ಅಲ್ಲ. ನಾನು ಇಳಕಲ್ಲಿನವನು, ನನಗೆ ತಿಳಿಯುವ ಹಾಗೆ ಹೇಳೋದಾದರೆ, ಮಗ್ಗ ಬೇರೆ, ದರ್ಜಿ ಬೇರೆ. ಮಗ್ಗದಲ್ಲಿ ನೇಯುವುದು ಫ್ಯಾಬು. ನೇಯ್ದ ಬಟ್ಟೆ ತಂದು ಕತ್ತರಿಸಿ, ಹೊಲಿದು, ಗುಂಡಿ ಹಾಕಿ, ತೊಡಿಸಿ ನೋಡಿ ಕೊಡುವುದು ಒಸ್ಯಾಟ್. ದರ್ಜಿಯ ಕೆಲಸವೂ ಮರ್ಯಾದೆಯ ಕೆಲಸವೇ. ಆದರೆ ದರ್ಜಿಯ ಅಂಗಡಿಗೆ ಮಗ್ಗದ ಬೆಲೆ ಕಟ್ಟಿದರೆ ಅದು ದರ್ಜಿಯ ತಪ್ಪಲ್ಲ.

ಸರಿ, 2025ರ ಡಿಸೆಂಬರ್ ಮೊದಲ ವಾರ. ಕೋಟಕ್‌ನ ಷೇರು ಸಂಶೋಧನಾ ವಿಭಾಗ ಒಂದು ಟಿಪ್ಪಣಿ ಬರೆಯಿತು. ಸಾರಾಂಶ ಇಷ್ಟು: ಗುಂಪಿನೊಳಗಿನ ಕಂಪನಿಗಳ ಕೊಡುಕೊಳ್ಳುವಿಕೆ ಒಂದರ ಲೆಕ್ಕದಲ್ಲಿ ಕಾಣುತ್ತದೆ, ಇನ್ನೊಂದರ ಲೆಕ್ಕದ ವಿವರಗಳಲ್ಲಿ ಕಾಣುವುದಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಷೇರು ಶೇಕಡಾ ಹನ್ನೆರಡರಷ್ಟು ಬಿತ್ತು. ಕೆಲವೇ ದಿನಗಳಲ್ಲಿ ನಾಲ್ಕು ಸಾವಿರದ ಆಸುಪಾಸು. ಕಂಪನಿ ಉತ್ತರ ಕೊಟ್ಟಿತು: ಬಿಟ್ಟುಹೋದದ್ದು ಕಣ್ತಪ್ಪಿನಿಂದ, ಸರಿಪಡಿಸಿದ್ದೇವೆ, ಎಲ್ಲ ಕಂಪನಿಗಳನ್ನು ಒಟ್ಟು ಸೇರಿಸಿದ ಲೆಕ್ಕದಲ್ಲಿ ಅವು ಒಂದಕ್ಕೊಂದು ವಜಾ ಆಗುತ್ತವೆ. ಲೆಕ್ಕಶಾಸ್ತ್ರದ ಪ್ರಕಾರ ಆ ಮಾತು ಸರಿ. ಅಲ್ಲಿ ಕಳ್ಳತನ ಆಗಿದೆ ಅಂತ ನಾನು ಹೇಳುತ್ತಿಲ್ಲ, ಹೇಳಲು ನನ್ನ ಬಳಿ ಏನೂ ಇಲ್ಲ.

ಆದರೆ ನಮ್ಮ ಚರ್ಚಾಶೂರರು ಆ ವಾರ ಏನು ಮಾತಾಡಿದರು ಗೊತ್ತೆ? “ಮುಂದಾಳು ಮೊದಲ ತಲೆಮಾರಿನ ಉದ್ಯಮಿ, ಅವರ ಮೇಲೆ ನಂಬಿಕೆ ಇಡಬೇಕು” ಅಂತ ಅರ್ಧ ಜನ. “ಮುಂದಾಳು ಬದಲಾಗಬೇಕು” ಅಂತ ಇನ್ನರ್ಧ ಜನ. ಆ ಟಿಪ್ಪಣಿ ಬರುವ ಎಷ್ಟೋ ಮೊದಲೇ ಪ್ರಕಟವಾಗಿದ್ದ ವಾರ್ಷಿಕ ಲೆಕ್ಕ ತೆಗೆದು ನೋಡಿದವರು ಒಬ್ಬರೂ ಸಿಗಲಿಲ್ಲ. 2024-25ರಲ್ಲಿ ಕಂಪನಿಯ ವಹಿವಾಟು ಸುಮಾರು 2,720 ಕೋಟಿ, ಲಾಭ ಸುಮಾರು 293 ಕೋಟಿ. ವ್ಯವಹಾರದಿಂದ ಬಂದ ನಗದು ಮಾತ್ರ ಸೊನ್ನೆಗಿಂತ ಕೆಳಗೆ. ಲಾಭ ಇದ್ದೂ ನಗದು ಇಲ್ಲ ಅಂದರೇನು? ನಮ್ಮೂರಿನ ಸೀರೆ ವ್ಯಾಪಾರಿ ದೀಪಾವಳಿವರೆಗೆ ಉದ್ರಿ ಕೊಟ್ಟು ಖಾತೆಯಲ್ಲಿ ಲಾಭ ಬರೆದುಕೊಂಡಿರುತ್ತಾನೆ, ರೇಷ್ಮೆ ನೂಲು ತರಲು ಮಾತ್ರ ಕೈಗಡ ಕೇಳುತ್ತಾನೆ. ಬೆಳೆಯುವ ವ್ಯಾಪಾರದಲ್ಲಿ ಇದು ಸಹಜ, ಪಾಪವೇನಲ್ಲ. ಕೊರತೆ ತುಂಬೋದು ಯಾರು ಅನ್ನೋದು ಪ್ರಶ್ನೆ. 2023ರ ಡಿಸೆಂಬರಿನಲ್ಲಿ 1,400 ಕೋಟಿ, 2025ರ ಜೂನಿನಲ್ಲಿ 1,600 ಕೋಟಿ ಹೊಸ ಷೇರು ಮಾರಿ ಎತ್ತಿದ್ದಾರೆ. ಸಾಣಂದದ ಒಂದು ಘಟಕ ತನ್ನ ಸ್ವಂತ ನಗದಿನ ಮೇಲೆ ನಿಲ್ಲುವವರೆಗೆ ಮೈಸೂರಿನ ಬೋರ್ಡು ಜೋಡಿಸುವವರ ದುಡಿಮೆಯೇ ಅದರ ಬೆನ್ನಿಗೆ. ಯಾವ ಕಿಸೆಯಿಂದ ಯಾವ ಕಿಸೆಗೆ ಎಷ್ಟು ಹೋಯಿತು ಅನ್ನೋದನ್ನು ತೋರಿಸುವುದು ಆ ಒಣ ವಿವರಗಳೇ, ‘ಸಂಬಂಧಿತ ವ್ಯಕ್ತಿಗಳ ವ್ಯವಹಾರ’ ಅನ್ನುವ, ಯಾರೂ ಓದದ ಪುಟಗಳು. ಅದಕ್ಕೇ ಅಲ್ಲಿ ಕಣ್ತಪ್ಪಾಗಬಾರದು ಅನ್ನೋದು.

ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ‘ಸೋದರ ಸಂಸ್ಥೆ’ ಅನ್ನುವ ಪದ ಕೇಳಿದರೇ ಕಿವಿ ನಿಮಿರುತ್ತದೆ. ಸಾಣಂದದಲ್ಲೇ ಜಪಾನಿನ ರೆನೆಸಾಸ್ ಜೊತೆ ಚಿಪ್ ಘಟಕ ಕಟ್ಟುತ್ತಿರುವ ಸಿಜಿ ಪವರ್ ಇದೆಯಲ್ಲ, ಹಳೇ ಕ್ರಾಂಪ್ಟನ್ ಗ್ರೀವ್ಸ್. 2019ರಲ್ಲಿ ಅದರ ಆಡಳಿತ ಮಂಡಳಿಯೇ, ಸಾಲ ಕಡಿಮೆ ತೋರಿಸಲಾಗಿದೆ, ಸಂಬಂಧಿತ ಸಂಸ್ಥೆಗಳಿಗೆ ಹಣ ಹೋಗಿದೆ ಅಂತ ಹೇಳಿತು. ಸಾಲ ಕೊಟ್ಟ ಬ್ಯಾಂಕುಗಳು ತಲೆಮೇಲೆ ಕೈ ಹೊತ್ತು ಕೂತವು. 2020ರಲ್ಲಿ ಚೆನ್ನೈನ ಮುರುಗಪ್ಪ ಗುಂಪು ಕೈಗೆ ತಗೊಂಡು ಸರಿ ಮಾಡಿತು. ಅದಕ್ಕೂ ಮುಂಚೆ ಆ ಕಂಪನಿಯ ಮುಂದಾಳತ್ವವನ್ನು ಹೊಗಳಿ ಬರೆದವರಿಗೇನು ಕಡಿಮೆ ಇರಲಿಲ್ಲ.

ಇದು ನಮ್ಮ ದೇಶದ ರೋಗ ಅಂತ ಅಂದುಕೊಳ್ಳಬೇಡಿ. ಇಂಟೆಲ್‌ಗೆ 2021ರಲ್ಲಿ ಪ್ಯಾಟ್ ಗೆಲ್ಸಿಂಗರ್ ಮುಖ್ಯಸ್ಥರಾಗಿ ವಾಪಸ್ ಬಂದಾಗ ಎಂಥಾ ಸಡಗರ! ಹದಿನೆಂಟನೇ ವಯಸ್ಸಿಗೆ ಅಲ್ಲೇ ಕೆಲಸಕ್ಕೆ ಸೇರಿ ಬೆಳೆದ ಎಂಜಿನಿಯರು, ಇವರಿಗಿಂತ ಒಳ್ಳೆ ಮುಂದಾಳು ಬೇಕೆ ಅಂದರು. 2024ರ ಏಪ್ರಿಲಿನಲ್ಲಿ ಇಂಟೆಲ್ ತನ್ನ ಚಿಪ್ ತಯಾರಿಸುವ ವಿಭಾಗದ ಲೆಕ್ಕವನ್ನು ಬೇರೆ ಮಾಡಿ ತೋರಿಸಿತು. 2023ರ ಒಂದೇ ವರ್ಷದಲ್ಲಿ ಆ ವಿಭಾಗದ ನಷ್ಟ 700 ಕೋಟಿ ಡಾಲರ್! ನಷ್ಟ ಹೊಸದಲ್ಲ, ಪ್ರತ್ಯೇಕ ಕಾಲಂ ಹೊಸದು. ಆ ವರ್ಷದ ಡಿಸೆಂಬರಿನಲ್ಲಿ ಗೆಲ್ಸಿಂಗರ್ ಮನೆಗೆ ಹೋದರು, 2025ರ ಮಾರ್ಚಿನಲ್ಲಿ ಲಿಪ್-ಬು ಟ್ಯಾನ್ ಬಂದರು, ಆಗಸ್ಟಿನಲ್ಲಿ ಅಮೆರಿಕ ಸರ್ಕಾರವೇ ಸುಮಾರು ಶೇಕಡಾ ಹತ್ತು ಪಾಲು ತಗೊಂಡಿತು. ಮುಂದಾಳು ದೇವರಂಥವನಾದರೂ ಕಾಲಂ ಕಾಲಂನೇ.

ಇಷ್ಟು ಹೇಳಿದಾಗ ನನಗೆ ಬರುವ ಉತ್ತರ ಬಾಯಿಪಾಠ ಆಗಿದೆ. “ನಿಮ್ಮಂಥ ಬ್ಯಾಂಕಿನವರ ಮಾತು ಕೇಳಿದ್ದರೆ ಇನ್ಫೋಸಿಸ್ ಹುಟ್ಟುತ್ತಲೇ ಇರಲಿಲ್ಲ.” ಪುಣೆಯ ಕನ್ನಡಿಗರಿಗೆ ಇದು ಬ್ರಹ್ಮಾಸ್ತ್ರ, ಏಕೆಂದರೆ 1981ರಲ್ಲಿ ಅದು ಹುಟ್ಟಿದ್ದು ಇದೇ ಊರಿನಲ್ಲಿ, ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ. ಬ್ಯಾಂಕುಗಳು ಸಾಫ್ಟ್‌ವೇರಿಗೆ ಸಾಲ ಕೊಡಲು ಹಿಂಜರಿದದ್ದು ನಿಜ. ಅಡವಿಗೆ ಇಡಲು ಮೆಷಿನ್ ಇಲ್ಲದ ಉದ್ಯಮ ಆಗ ನಮ್ಮವರಿಗೆ ಅರ್ಥವಾಗಲಿಲ್ಲ. 1993ರಲ್ಲಿ ಷೇರು ಬಿಟ್ಟಾಗ ಜನರೂ ಪೂರ್ತಿ ಕೊಳ್ಳಲಿಲ್ಲ. ಆದರೆ ಈ ಉದಾಹರಣೆ ನನ್ನ ವಾದಕ್ಕೇ ಒದಗುತ್ತದೆ ಸ್ವಾಮಿ. 1993ರಲ್ಲಿ 95 ರೂಪಾಯಿ ಕೊಟ್ಟವನಿಗೆ ಸಿಕ್ಕ ಕಂಪನಿಯೂ, ಗಿರಾಕಿಗಳಿದ್ದ ಕಂಪನಿಯೂ, ನಾರಾಯಣ ಮೂರ್ತಿ ಮಾತಾಡುತ್ತಿದ್ದ ಕಂಪನಿಯೂ ಒಂದೇ. ಲೆಕ್ಕ ಬಿಚ್ಚಿ ತೋರಿಸುವುದರಲ್ಲಿ ಅವರು ಕಾನೂನು ಕೇಳಿದ್ದಕ್ಕಿಂತ ಮುಂದಿದ್ದರು. ಅದರ ಬದಲು ಅವತ್ತು ಅವರು ‘ಮೂರ್ತಿ ಟ್ರೇಡಿಂಗ್’ ಅಂತೊಂದು ಕಂಪನಿಯ ಷೇರು ಮಾರಿ, ಇನ್ಫೋಸಿಸ್ ನಮ್ಮ ಮನೆಯದ್ದೇ ಅಂದಿದ್ದರೆ?

ಚಿಪ್ ಉದ್ಯಮದ ಭವಿಷ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಕೇಂದ್ರ 2021ರ ಡಿಸೆಂಬರಿನಲ್ಲಿ 76,000 ಕೋಟಿಯ ಯೋಜನೆ ತಂದಾಗ ನಾನೂ ಖುಷಿಪಟ್ಟವನೇ. ಆದರೆ ಉದ್ಯಮ ಗೆದ್ದರೂ ನಿಮ್ಮ ಕೈಯಲ್ಲಿರುವ ಕಾಗದ ಸೋಲಬಹುದು, ಕಾಗದ ಬೇರೆಯವರದಾಗಿದ್ದರೆ.

ನನ್ನನ್ನು ಇಷ್ಟುದ್ದ ಬರೆಯಲು ಹಚ್ಚಿದವನು ಧಾರವಾಡದ ಒಬ್ಬ ಹುಡುಗ. ಹಿಂಜವಡಿಯಲ್ಲಿ ಕೆಲಸ. ತಂಗಿಯ ಮದುವೆಗೆ ಅಂತ ಕೂಡಿಟ್ಟ ಏಳು ಲಕ್ಷವನ್ನು ಒಂದು ಚಿಪ್ ಷೇರಿಗೆ ಹಾಕಿದ್ದಾನೆ. ಯಾವುದು ಅನ್ನೋದು ಇಲ್ಲಿ ಬೇಡ, ಮೇಲೆ ಬರೆದವುಗಳಲ್ಲಿ ಯಾವುದೂ ಅಲ್ಲ. ಅದು ಅರ್ಧಕ್ಕೆ ಬಿದ್ದಿದೆ. ಮೊನ್ನೆ ನನ್ನ ಬಳಿ ಬಂದದ್ದು ಪರ್ಸನಲ್ ಲೋನ್ ಕೇಳಲು. ಮದುವೆಗಲ್ಲ ಮತ್ತೆ, ಇಳಿದ ದರದಲ್ಲಿ ಇನ್ನಷ್ಟು ಕೊಂಡು ‘ಆವರೇಜ್’ ಮಾಡಲು!

“ಸರ, ಕಂಪನಿ ಭಾರಿ ಐತ್ರಿ. ಅವರ ಮುಖ್ಯಸ್ಥರ ಎಲ್ಲಾ ಇಂಟರ್‌ವ್ಯೂ ನೋಡೇನ್ರಿ. ಮಾರ್ಕೆಟ್ಟಿಗೆ ತಿಳೀವಲ್ತು.”

“ಇಂಟರ್‌ವ್ಯೂ ಇರ್ಲಿ ತಮ್ಮಾ, ಬ್ಯಾಲೆನ್ಸ್ ಶೀಟ್ ನೋಡಿಯೇನು?”

“ಇನ್ನೂರು ಪುಟ ಐತ್ರಿ ಸರ ಅದು.”

“ಏಳು ಲಕ್ಷಕ್ಕ ಇನ್ನೂರು ಪುಟ. ಪುಟಕ್ಕ ಮೂರೂವರೆ ಸಾವಿರ ಬಿತ್ತು. ಓದು.”

ಸಾಲದ ಅರ್ಜಿಯನ್ನು ನಾನು ಡ್ರಾಯರಿನಲ್ಲಿಟ್ಟೆ. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ನೀನು ಕೊಂಡ ಕಂಪನಿಯ ಪೂರ್ತಿ ಹೆಸರು, ಕಾರ್ಖಾನೆ ಕಟ್ಟುತ್ತಿರುವ ಕಂಪನಿಯ ಪೂರ್ತಿ ಹೆಸರು, ಅದರಲ್ಲಿ ಇದರ ಪಾಲು ಎಷ್ಟು, ಸಬ್ಸಿಡಿ ಮಂಜೂರಾದದ್ದು ಯಾರ ಹೆಸರಿಗೆ, ಮೂರು ವರ್ಷದ ನಗದು ಲೆಕ್ಕ. ಇಷ್ಟು ತುಂಬಿ ತಾ, ಆಮೇಲೆ ಸಾಲದ ಮಾತು.

ನಾಲ್ಕು ದಿನ ಸುದ್ದಿ ಇಲ್ಲ. ಐದನೇ ದಿನ ರಾತ್ರಿ ಹತ್ತೂವರೆಗೆ ಫೋನು. “ಸರ, ಆ ಇಂಟರ್‌ವ್ಯೂ ಕೊಡೋ ಮನಶಾ ಅದಾನಲ್ರಿ... ನಾ ತಗೊಂಡ ಕಂಪನಿಯ ಬೋರ್ಡಿನಾಗ ಅವನ ಹೆಸರs ಇಲ್ರಿ.”